ಅರ್ಗಿರೊ ಗುಡಿ ಹತ್ತಿದ್ದು

ನನ್ನ ಅತ್ತಿಗೆ ಅರ್ಗಿರೊ ಬಿದ್ದದ್ದು ಆಲಿವ್ ಮರದಿಂದ. ಹೇಳಿಕೊಳ್ಳುವಂಥ ಎತ್ತರವೇನಲ್ಲ. ಏಣಿಯ ಒಂದು ಮೆಟ್ಟಿಲು ಮುರಿಯಿತು, ಕೋಲು ಹಿಡಿದು ಕಾಯಿ ಬಡಿಯುತ್ತಿದ್ದವಳು ಹಿಂದಕ್ಕೆ ಬಿದ್ದಳು, ಕಾಯಿ ಬೀಳಲೆಂದು ಕೆಳಗೆ ಹಾಸಿದ್ದ ಬಲೆಯ ಅಡಿಯಲ್ಲಿ ಒಂದು ಕಲ್ಲಿತ್ತು. ಅಷ್ಟೆ. ಆ ಸಂಜೆಯಿಂದ ಸೊಂಟದ ಕೆಳಗಿನದು ಯಾವುದೂ ಅವಳ ಮಾತು ಕೇಳಲಿಲ್ಲ. ಸೊಂಟದ ಮೇಲಿನದಂತೂ ಮೊದಲಿನಿಂದಲೂ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ಮೊದಲ ಚಳಿಗಾಲ ಅವಳು ಗೋಡೆ ನೋಡುತ್ತಾ ಮಲಗಿದ್ದಳು. ಎರಡನೆಯ ಚಳಿಗಾಲದ ಹೊತ್ತಿಗೆ ಊರಿನ ಎಣ್ಣೆ ಗಾಣದಲ್ಲಿ ತೂಕದ ಮೇಜಿನ ಹಿಂದೆ ಗಾಲಿಕುರ್ಚಿ ನಿಲ್ಲಿಸಿಕೊಂಡು, ಸುತ್ತಲ ಹಳ್ಳಿಗಳ ಗಂಡಸರನ್ನೆಲ್ಲ ಬೈದು ಸಾಲಾಗಿ ನಿಲ್ಲಿಸುತ್ತಿದ್ದಳು. ಎಲೆ, ಕಡ್ಡಿ ಬೆರೆಸಿ ತಂದವನ ಮೂಟೆಯನ್ನು ಎಲ್ಲರ ಮುಂದೆ ಬಿಚ್ಚಿಸುತ್ತಿದ್ದಳು. ಕನಿಕರ ತೋರಿಸಲು ಬಂದವರು ಎರಡನೇ ಸಲ ಬರುತ್ತಿರಲಿಲ್ಲ.

ಕನಿಕರ ಬಿಡದೆ ತೋರಿಸುತ್ತಿದ್ದವರು ಒಬ್ಬರೇ, ನಮ್ಮಮ್ಮ ಕಿರಿಯಾಕೂಲಾ. ಪ್ರತಿ ಆಗಸ್ಟ್‌ನಲ್ಲೂ ಟಿನೋಸ್ ದ್ವೀಪದ ದೇವಮಾತೆಯ ಹಬ್ಬ ಬಂತೆಂದರೆ ಅಮ್ಮನ ಹಠ ಶುರು. ಹರಕೆ ಹೊತ್ತವರು ಅಲ್ಲಿ ಬಂದರಿನಿಂದ ಇಗರ್ಜಿಯವರೆಗೆ ಏರು ರಸ್ತೆಯನ್ನು ಮೊಣಕಾಲ ಮೇಲೆ ತೆವಳಿ ಹತ್ತುತ್ತಾರೆ.

"ನೀನೂ ಕೈ ಊರ್ಕೊಂಡು ಹೋಗಬಹುದಲ್ಲಮ್ಮ. ನಾವು ಪಕ್ಕದಲ್ಲೇ ಇರ್ತೀವಿ," ಎನ್ನುತ್ತಿದ್ದಳು ಅಮ್ಮ.

"ತೆವಳ್ಕೊಂಡು ನಾನು ಯಾರ ಮುಂದೆಯೂ ಹೋಗಲ್ಲ ಅತ್ತೆ," ಎನ್ನುತ್ತಿದ್ದಳು ಅರ್ಗಿರೊ. "ಆ ತಾಯಿಗೆ ನನ್ನ ಮೇಲೆ ಮನಸ್ಸಿದ್ರೆ ನಮ್ಮನೆ ವಿಳಾಸ ಗೊತ್ತಿರುತ್ತೆ."

ಕೊನೆಗೆ ಅಮ್ಮ ಒಬ್ಬಳೇ ಹೋದಳು. ಬೆಳ್ಳಿ ತಗಡಿನ ಒಂದು ಜೊತೆ ಕಾಲು ಕೊಂಡು ಹರಕೆಯೆಂದು ದೇವಮಾತೆಯ ಚಿತ್ರಕ್ಕೆ ಕಟ್ಟಿ ಬಂದು, ಸೊಸೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು. ಅರ್ಗಿರೊ ಅವಳ ಕೈ ಹಿಡಿದು, "ಅತ್ತೆ, ಮುಂದಿನ ವರ್ಷ ಕೈ ಮಾಡ್ಸಿ. ಈಗ ನಮ್ಮನೆಯಲ್ಲಿ ನಡೆಯೋದು ಅದೇ," ಎಂದಳು. ಅಮ್ಮ ಎರಡು ದಿನ ಅವಳೊಂದಿಗೆ ಮಾತು ಬಿಟ್ಟಿದ್ದಳು.

ಅಂಥವಳು ಇದ್ದಕ್ಕಿದ್ದಂತೆ ಅಸ್ಕ್ಲಿಪಿಯೊಸನ ಗುಡಿಗೆ ಹೋಗಬೇಕು ಅಂದಾಗ ಮನೆಯಲ್ಲಿ ಯಾರಿಗೂ ನಂಬಿಕೆ ಬರಲಿಲ್ಲ.

ಅಸ್ಕ್ಲಿಪಿಯೊಸ್ ಅಂದರೆ ಹಿಂದಿನವರ ರೋಗ ವಾಸಿ ಮಾಡುವ ದೇವರು. ನಮ್ಮ ಕಣಿವೆಯ ಮೇಲ್ತುದಿಯಲ್ಲಿ ಅವನ ಕ್ಷೇತ್ರವಿತ್ತು. ಕಾಯಿಲೆಯವರು ಬಂದು ರಾತ್ರಿ ಅಲ್ಲೇ ಮಲಗಿ, ಕನಸಿನಲ್ಲಿ ಅವನು ಮುಟ್ಟಲಿ ಎಂದು ಕಾಯುತ್ತಿದ್ದರಂತೆ. ನಮ್ಮೂರಿನಲ್ಲಿ ಆ ಜಾಗಕ್ಕೆ 'ಕಲ್ಲುಗಳು' ಅನ್ನುವುದು. ನಾವು ಚಿಕ್ಕವರಿದ್ದಾಗ ಬೇಲಿ ಇರಲಿಲ್ಲ, ಆಡುಗಳು ಬಿದ್ದ ಕಂಬಗಳ ಮೇಲೆ ಮಲಗಿರುತ್ತಿದ್ದವು. ಆಮೇಲೆ ಅಗೆತ ಬಂತು, ಬೇಲಿ ಬಂತು, ಎಷ್ಟೋ ವರ್ಷ ಬೀಗ ಬಿತ್ತು. ಆ ವಸಂತದಲ್ಲಿ ದುರಸ್ತಿ ಮುಗಿಸಿ, ಭಾಷಣ ಮಾಡಿ, ಮತ್ತೆ ತೆರೆದಿದ್ದರು.

ಟಿವಿಯಲ್ಲಿ ಅದನ್ನು ತೋರಿಸಿದ್ದು ನನ್ನ ಅಂಗಡಿಯಲ್ಲೇ ನೋಡಿದೆವು. ನನ್ನದು ಊರ ಚೌಕದಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ. ಅರ್ಗಿರೊ ಕೂದಲಿಗೆ ಬಣ್ಣ ಹಚ್ಚಿಸಿಕೊಂಡು, ತಲೆಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಕೂತಿದ್ದಳು. ಪರದೆಯ ಮೇಲೆ ಒಬ್ಬಾಕೆ ಗುಡಿಯ ಮುಂದೆ ನಿಂತು, ಮುಂಭಾಗದಲ್ಲಿ ನೆಲದಿಂದ ಮೇಲಕ್ಕೆ ಹೋಗುವ ಕಲ್ಲಿನ ಇಳಿಜಾರು ತೋರಿಸಿ, ಕಾಲು ಬಾರದವರು, ಮಂಚದ ಮೇಲೆ ಹೊತ್ತು ತಂದವರು ಹತ್ತಲೆಂದೇ ಹಿಂದಿನವರು ಇದನ್ನು ಕಟ್ಟಿರಬಹುದು ಅಂದಳು.

"ಜೋರು ಮಾಡು," ಅಂದಳು ಅರ್ಗಿರೊ.

ಮಾಡಿದೆ. ಆದರೆ ಅಷ್ಟರಲ್ಲಿ ಹವಾಮಾನ ಬಂದಿತ್ತು.

"ಕೇಳಿದೆಯಾ ಎವಾಂಥಿಯಾ? ಕ್ರಿಸ್ತ ಹುಟ್ಟೋಕೆ ಮುಂಚೆ! ಆಗಲೇ ಅವರಿಗೆ ಬುದ್ಧಿ ಇತ್ತು. ನಮ್ಮ ಅಂಚೆ ಕಚೇರಿಗೆ ಇವತ್ತಿಗೂ ಇಲ್ಲ."

"ಸರಿ ಅತ್ತಿಗೆ, ತಲೆ ಅಲ್ಲಾಡಿಸಬೇಡ, ಬಣ್ಣ ಹಣೆಗೆ ಇಳಿಯುತ್ತೆ."

"ನಾನು ಅದನ್ನ ಹತ್ತಬೇಕು."

"ವಾಸಿ ಮಾಡು ಅಂತ ಕೇಳೋಕಾ?"

ಕನ್ನಡಿಯಲ್ಲಿ ಅವಳು ನನ್ನನ್ನು ನೋಡಿದ ನೋಟಕ್ಕೆ ನಾನು ಬ್ರಶ್ಶು ಕೆಳಗಿಟ್ಟೆ.

"ಏನೂ ಕೇಳೋಕಲ್ಲ ಕಣೆ. ನನ್ನಂಥವಳು ಬರ್ತಾಳೆ ಅಂತ ಮುಂಚೆಯೇ ಯೋಚನೆ ಮಾಡಿ ದಾರಿ ಕಟ್ಟಿದ್ದಾರಲ್ಲ. ನನಗೆ ಗೊತ್ತಿರೋ ಜಾಗದಲ್ಲಿ ಅದೊಂದೇ. ಹೋಗದೆ ಇದ್ದರೆ ಅವಮಾನ ಅಲ್ವಾ, ಕಟ್ಟಿದವನಿಗೆ?"

ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ ಹೊರಟೆವು. ನನ್ನ ಅಣ್ಣ ಪಂತೆಲಿಸ್ ತನ್ನ ಪಿಕಪ್ ತೊಳೆದಿದ್ದ. ಅಣ್ಣ ಮೆತ್ತಗಿನ ಮನುಷ್ಯ. ಜಗಳದ ವಾಸನೆ ಬಂದರೆ ಸಾಕು, ಟೋಪಿ ಹಾಕಿಕೊಂಡು ತೋಟಕ್ಕೆ ಹೋಗಿಬಿಡುವವನು. ಅರ್ಗಿರೊ ಕಡು ನೀಲಿ ಅಂಗಿ ತೊಟ್ಟು, ಕಿವಿಗೆ ಮದುವೆಯ ಓಲೆ ಹಾಕಿದ್ದಳು. ಅಮ್ಮ ಬಾಗಿಲಲ್ಲಿ ನಿಂತು, ಕ್ರಿಸ್ತನನ್ನರಿಯದ ಹಿಂದಿನವರ ದೇವರ ಹತ್ತಿರ ಹೋಗುವ ಸೊಸೆಗೆ ಶಿಲುಬೆ ಗುರುತು ಹಾಕಿ, ಬ್ರೆಡ್ಡು, ಕುರಿಹಾಲಿನ ಚೀಸು, ಟೊಮೆಟೊ ಕಟ್ಟಿ ಕೊಟ್ಟಳು.

ಗೇಟಿನಲ್ಲಿ ಕಾವಲಿಗಿದ್ದವನು ಥ್ರಾಸಿವುಲೊಸ್, ಪಕ್ಕದ ಹಳ್ಳಿಯ ಚೀಸು ಮಾಡುವವನ ಮಗ. ಗಾಣದಲ್ಲಿ ವರ್ಷ ವರ್ಷ ಅರ್ಗಿರೊಳಿಂದ ಬೈಸಿಕೊಂಡವನು. ಅವಳನ್ನು ಕಂಡವನೇ ಟಿಕೆಟ್ ಗೂಡಿನಿಂದ ಎದ್ದು ಬಂದ.

"ಅರ್ಗಿರೊ ಅಕ್ಕ! ಏನು ಈ ಕಡೆ?"

"ಗುಡಿ ನೋಡೋಕಪ್ಪ. ಮೂರು ಟಿಕೆಟ್ ಕೊಡು."

"ನಿಮಗೆ ಟಿಕೆಟ್ ಫ್ರೀ ಅಕ್ಕ. ಜೊತೆಗೆ ಬಂದವರಲ್ಲಿ ಒಬ್ಬರಿಗೂ ಫ್ರೀ."

"ಒಳ್ಳೇದಾಯ್ತು. ಯಾವ ಕಡೆ ಹೋಗಬೇಕು?"

ಅವನು ಕುತ್ತಿಗೆ ತುರಿಸಿಕೊಂಡ. ಗೇಟಿನ ಆಚೆ ಬಿಳಿ ಕಲ್ಲಿನ ಹೊಚ್ಚ ಹೊಸ ಮೆಟ್ಟಿಲುಗಳು, ಎರಡು ಬದಿಗೂ ಲ್ಯಾವೆಂಡರ್ ಗಿಡ. ದುರಸ್ತಿಯಲ್ಲಿ ಕಟ್ಟಿಸಿದ್ದು. ಬೇರೆ ದಾರಿ ಕಾಣಲಿಲ್ಲ.

"ಅದೇ ತೊಂದರೆ," ಅಂದ. "ಇಲ್ಲೊಂದು ಫಲಕ ಇದೆ ನೋಡಿ. ಇಲ್ಲೇ ನಿಂತು... ಅಂದ್ರೆ, ಕೂತು ನೋಡಬಹುದು. ಗುಡಿ ಹಿಂದೆ ಹೇಗಿತ್ತು ಅಂತ ಬಣ್ಣದ ಚಿತ್ರ ಹಾಕಿದ್ದಾರೆ."

"ಥ್ರಾಸಿವುಲೊಸ್, ಬಣ್ಣದ ಚಿತ್ರ ಟಿವಿಯಲ್ಲೇ ಬಂದಿತ್ತು. ಒಳಗೆ ಬಿಡಲ್ಲ, ಆದ್ರೆ ಟಿಕೆಟ್ ಫ್ರೀ ಅಂತೀಯಾ?"

"ಬಿಡಲ್ಲ ಅಂತ ಅಲ್ಲ ಅಕ್ಕ..."

ಪಂತೆಲಿಸ್ ಆಗಲೇ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಬೆನ್ನು ಕೊಟ್ಟಿದ್ದ. "ಬಾ, ಹೊತ್ಕೊಂಡು ಹೋಗ್ತೀನಿ. ನಾಲ್ಕು ಹೆಜ್ಜೆ."

"ಏಳು ಮೇಲೆ. ಗಾಣಕ್ಕೆ ಹೋಗೋ ಮೂಟೆ ಅಲ್ಲ ನಾನು. ನಿನ್ನ ಬೆನ್ನ ಮೇಲೆ ಹೋದ್ರೆ ನಾನು ನೋಡೋದು ನಿನ್ನ ಕುತ್ತಿಗೆ. ಅದನ್ನ ದಿನಾ ನೋಡ್ತೀನಿ."

ಅವನು ಎದ್ದ. ಅವನ ಕಿವಿ ಕೆಂಪಾಗಿತ್ತು.

ಹಿಂಬದಿಯಲ್ಲಿ ಇನ್ನೊಂದು ಗೇಟಿದೆ ಎಂದು ಥ್ರಾಸಿವುಲೊಸ್ ಆಮೇಲೆ ಬಾಯಿಬಿಟ್ಟ. ಕಲ್ಲಿನ ಲಾರಿ, ಯಂತ್ರ ಬರುವುದಕ್ಕೆಂದು ಮಾಡಿದ್ದು. ಕೀಲಿಯೂ ಅವನ ಸೊಂಟದಲ್ಲೇ ಇತ್ತು. ಆದರೆ ಜಿಲ್ಲಾ ಪಟ್ಟಣದ ಪುರಾತತ್ವ ಕಚೇರಿಯ ಮೇಡಂ ಹೇಳದೆ ತೆರೆಯುವಂತಿಲ್ಲ. ಅವನು ಟಿಕೆಟ್ ಗೂಡಿನೊಳಗಿನ ತಂತಿ ಫೋನನ್ನು ಕಿಟಕಿಗೆ ಎಳೆದುಕೊಂಡು ಕರೆ ಮಾಡಿದ. ಮಾತಾಡುತ್ತಾ ಮಾತಾಡುತ್ತಾ ಅವನ ಬೆನ್ನು ಬಾಗುತ್ತಾ ಹೋಯಿತು. ಅರ್ಗಿರೊ ಕೈ ಚಾಚಿದಳು. "ಕೊಡು ಇಲ್ಲಿ."

ಫೋನಿನ ದನಿ ನನಗೂ ಕೇಳುತ್ತಿತ್ತು. ಒರಟು ದನಿಯೇನಲ್ಲ, ದಣಿದ ದನಿ.

"ಬರಹದಲ್ಲಿ ಕೇಳಿಕೊಳ್ಳಿ ಅಮ್ಮ, ಪರಿಶೀಲಿಸ್ತೀವಿ. ನಿಯಮ ಎಲ್ಲರಿಗೂ ಒಂದೇ."

"ಮೆಟ್ಟಿಲೂ ಎಲ್ಲರಿಗೂ ಒಂದೇ ಮೇಡಂ. ನನ್ನ ದೂರು ಅದೇ."

"ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ."

"ಅರ್ಥ ಆಗಿದ್ರೆ ಕೀಲಿ ತಿರುಗ್ತಿತ್ತು."

ಆ ಕಡೆ ಫೋನು ಇಟ್ಟರು.

ನಾನು, ಸರಿ, ಇನ್ನೇನು, ಮನೆಗೆ ಹೋಗುವುದು ಅಂದುಕೊಂಡೆ. ದಾರಿಯಲ್ಲಿ ಹೊಳೆ ಪಕ್ಕದ ಹೋಟೆಲಿನಲ್ಲಿ ಮೀನು ತಿನ್ನಬಹುದು ಎಂದೂ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಅರ್ಗಿರೊ ಕುರ್ಚಿ ತಿರುಗಿಸಿದಳು. ಆದರೆ ಪಿಕಪ್ಪಿನ ಕಡೆಗಲ್ಲ. ನೇರ ಗೇಟಿನ ಎರಡು ಕಂಬಗಳ ನಡುವೆ ಹೋಗಿ, ಅಡ್ಡಲಾಗಿ ನಿಂತು, ಎರಡು ಬ್ರೇಕನ್ನೂ ಹಾಕಿದಳು. ಎರಡು ಪಕ್ಕದಲ್ಲೂ ಬೆಕ್ಕು ನುಸುಳುವಷ್ಟು ಜಾಗ ಉಳಿಯಿತು.

"ಅಕ್ಕ, ಏನು ಮಾಡ್ತಿದ್ದೀರಿ?"

"ಕಾಯ್ತಿದ್ದೀನಿ."

ಅದೇ ಹೊತ್ತಿಗೆ ಬಸ್ಸು ಬಂತು. ಉತ್ತರದ ದೇಶದವರು, ಬಿಸಿಲಿಗೆ ಕೆಂಪಾದ ಮುಖಗಳು, ಬಿಳಿ ಟೋಪಿಗಳು. ನೀಲಿ ಕೊಡೆ ಎತ್ತಿ ಹಿಡಿದ ಗೈಡ್ ಹುಡುಗಿ ಮುಂದೆ. ಅವರ ಹಿಂದೆಯೇ ಒಂದು ಕಾರಿನಲ್ಲಿ ಅಥೆನ್ಸಿನ ಒಂದು ಸಂಸಾರ. ಗೇಟಿನ ಮುಂದೆ ಸಾಲು ಬೆಳೆಯಿತು. ಮೊದಲು ಎಲ್ಲರೂ ನಕ್ಕರು, ಕುರ್ಚಿ ಸಿಕ್ಕಿಕೊಂಡಿದೆ ಎಂದು ಇಬ್ಬರು ಸಹಾಯಕ್ಕೂ ಬಂದರು. ಅರ್ಗಿರೊ ಕೈ ಅಡ್ಡ ಹಿಡಿದಳು.

"ನಾನು ಹೋಗೋವರೆಗೆ ಯಾರೂ ಹೋಗಲ್ಲ. ಹೇಳಮ್ಮ ಅವರಿಗೆ," ಎಂದಳು ಗೈಡ್ ಹುಡುಗಿಗೆ.

ಹುಡುಗಿ ಅವರ ಭಾಷೆಯಲ್ಲಿ ಹೇಳಿದಳು. ಸಾಲಿನಲ್ಲಿ ಗೊಣಗಾಟ ಎದ್ದಿತು. ಅಥೆನ್ಸಿನ ಗಂಡಸು, ಒಳ್ಳೆಯ ಬೂಟು ಹಾಕಿದ್ದವನು, ಮುಂದೆ ಬಂದ.

"ಅಮ್ಮಾ, ನಾವು ಎಷ್ಟು ದೂರದಿಂದ ಬಂದಿದ್ದೀವಿ ಗೊತ್ತಾ?"

"ನಾನು ಹತ್ತಿರದಿಂದ ಬಂದಿದ್ದೀನಿ, ನನ್ನನ್ನೇ ಬಿಡ್ತಿಲ್ಲ."

"ನಿಮ್ಮ ಮೇಲೆ ನನಗೆ ಗೌರವ ಇದೆ. ಆದರೆ ಇದು ಬ್ಲ್ಯಾಕ್‌ಮೇಲ್."

"ಇದು ಕೂತಿರೋದು ಸ್ವಾಮಿ. ನನಗೆ ಚೆನ್ನಾಗಿ ಬರೋದು ಅದೊಂದೇ."

ಅವನ ಹೆಂಡತಿ ನಗು ತಡೆಯಲಾರದೆ ಆಚೆ ತಿರುಗಿದಳು. ಅವನು ಪೊಲೀಸರನ್ನು ಕರೆಯುತ್ತೇನೆ ಎಂದು ಫೋನು ತೆಗೆದ. ಆ ಕಣಿವೆಯಲ್ಲಿ ಸಿಗ್ನಲ್ಲು ಸಿಗುವುದು ಟಿಕೆಟ್ ಗೂಡಿನ ಒಳಗೆ ಮಾತ್ರ ಎಂದು ಅವನಿಗೆ ಯಾರೂ ಹೇಳಲಿಲ್ಲ.

ನನಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಬಗ್ಗಿ ಅವಳ ಕಿವಿಯಲ್ಲಿ, "ಅತ್ತಿಗೆ, ಬಾ ಹೋಗೋಣ. ಜನ ನೋಡ್ತಿದ್ದಾರೆ," ಅಂದೆ.

"ನೋಡೋಕೇ ತಾನೆ ಬಂದಿರೋದು. ನೋಡಲಿ."

"ನಿನಗೆ ನಾಚಿಕೆ ಆಗಲ್ವಾ?"

"ಆಗುತ್ತೆ," ಅಂದಳು ಅವಳು, ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ. "ಆದ್ರೂ ಈಗ ಹಿಂದೆ ಹೋದ್ರೆ ಮನೆಯಿಂದ ಇನ್ಯಾವತ್ತೂ ಆಚೆ ಬರಲ್ಲ ನಾನು. ನೀನು ಬೇಕಾದ್ರೆ ಪಿಕಪ್‌ನಲ್ಲಿ ಕೂತಿರು."

ಚಕ್ರದ ಅಂಚು ಹಿಡಿದ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಅಷ್ಟು ವರ್ಷ ಅವಳ ಮಾತಿನ ಪೆಟ್ಟು ತಿಂದು, ಇವಳಿಗೆ ಹೆದರಿಕೆಯೆಂಬುದೇ ಇಲ್ಲ ಎಂದು ನಾನು ನಂಬಿದ್ದೆ. ಪಿಕಪ್ಪಿಗೆ ಹೋಗಲಿಲ್ಲ. ಅವಳ ಪಕ್ಕದಲ್ಲಿ, ಉಳಿದಿದ್ದ ಸಂದಿಗೆ ಅಡ್ಡವಾಗಿ, ಕೈಕಟ್ಟಿ ನಿಂತೆ. ಆ ಕಡೆಯಿಂದ ಇನ್ನು ಬೆಕ್ಕೂ ನುಸುಳುವಂತಿರಲಿಲ್ಲ.

ಬಿಸಿಲು ಏರಿತು. ಬಸ್ಸಿನವರಲ್ಲಿ ಕೆಲವರು ಸಿಟ್ಟಿನಿಂದ ಬಸ್ಸಿಗೇ ಮರಳಿದರು. ಊರುಗೋಲಿನ ಒಬ್ಬ ಮುದುಕಿ ಮಾತ್ರ ಬಂದು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು, ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಅರ್ಗಿರೊಗೆ ಚಾಚಿದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಮುದುಕಿ ಮೆಟ್ಟಿಲು ತೋರಿಸಿ, ತನ್ನ ಮೊಣಕಾಲು ತೋರಿಸಿ, ಮೂಗು ಮುರಿದಳು. ಇಬ್ಬರೂ ಬಿಸ್ಕತ್ತು ತಿಂದರು.

ಥ್ರಾಸಿವುಲೊಸ್ ಮೂರು ಸಲ ಕಚೇರಿಗೆ ಫೋನು ಮಾಡಿದ. ಯಾರೂ ಎತ್ತಲಿಲ್ಲ. ಕೊನೆಗೆ ಬೆವರು ಒರೆಸಿಕೊಂಡು ಪಂತೆಲಿಸನ ಬಳಿ ಹೋಗಿ, ಎಲ್ಲರಿಗೂ ಕೇಳುವಂತೆ ಜೋರಾಗಿ ಕೇಳಿದ:

"ಏನಣ್ಣ, ನಿಮ್ಮ ಗಾಡಿ ಕಲ್ಲು ತಂದಿದ್ದಾ?"

ಪಂತೆಲಿಸ್ ಮಿಕಮಿಕ ನೋಡಿದ. "ಇಲ್ಲಪ್ಪ, ಬ್ರೆಡ್ಡು, ಚೀಸು..."

"ಕಲ್ಲು ತಂದಿದ್ದು," ಎಂದೆ ನಾನು.

"ಹಾಗಿದ್ರೆ ಹಿಂದಿನ ಗೇಟಿಗೆ ಬನ್ನಿ. ಕಲ್ಲಿನ ಗಾಡಿಗೆ ತೆಗೀತೀನಿ. ಗಾಡಿಯಿಂದ ಏನು ಇಳೀತು ಅಂತ ನೋಡೋದು ನನ್ನ ಕೆಲಸ ಅಲ್ಲ."

ಅರ್ಗಿರೊ ಬ್ರೇಕು ಬಿಟ್ಟಳು. ಸಾಲಿನವರು ನುಗ್ಗಿದರು, ಅಥೆನ್ಸಿನವನು ಅವಳ ಕಡೆ ನೋಡದೆ ಹೋದ, ಅವನ ಹೆಂಡತಿ ಹೋಗುತ್ತಾ ಅವಳ ಭುಜ ಮುಟ್ಟಿದಳು.

ಹಿಂದಿನ ಗೇಟು ತೆರೆದರೂ ಕಷ್ಟ ಮುಗಿಯಲಿಲ್ಲ. ಅಲ್ಲಿಂದ ಗುಡಿಯವರೆಗೆ ನೆಲದ ತುಂಬ ದಪ್ಪ ಜಲ್ಲಿ. ಪಿಕಪ್ಪು ಗೇಟಿನ ಒಳಗೆ ಬರಬಾರದು, ಅಷ್ಟರಮಟ್ಟಿಗೆ ಥ್ರಾಸಿವುಲೊಸ್ ಗಟ್ಟಿಯಾಗಿದ್ದ. ಕುರ್ಚಿ ಇಳಿಸಿದ ಕೂಡಲೇ ಮುಂದಿನ ಪುಟ್ಟ ಚಕ್ರಗಳು ಜಲ್ಲಿಯಲ್ಲಿ ಹೂತುಹೋದವು. ಅವಳು ತಳ್ಳಿದಷ್ಟೂ ಆಳಕ್ಕೆ ಇಳಿಯಿತು.

ಆಗ ಪಂತೆಲಿಸ್, ಬೆಳಿಗ್ಗೆಯಿಂದ ಒಂದೇ ಒಂದು ಮಾತನ್ನೂ ಗಟ್ಟಿಯಾಗಿ ಆಡದವನು, ಪಿಕಪ್ಪಿನ ಹಿಂದಿನಿಂದ ಎರಡು ಉದ್ದನೆಯ ಹಲಗೆ ಎಳೆದ. ಉಳುವ ಯಂತ್ರವನ್ನು ಗಾಡಿಗೆ ಹತ್ತಿಸಲು ಇಟ್ಟುಕೊಂಡ ಹಲಗೆಗಳು. ಒಂದನ್ನು ಅವಳ ಮುಂದೆ ಹಾಕಿದ, ಅದರ ತುದಿಗೆ ಇನ್ನೊಂದನ್ನು ಹಾಕಿದ. ಅವಳು ಎರಡನೆಯದಕ್ಕೆ ದಾಟಿದಾಗ ಮೊದಲನೆಯದನ್ನು ಎತ್ತಿ ಮತ್ತೆ ಮುಂದೆ ತಂದ. ನಾನೂ ಒಂದು ತುದಿ ಹಿಡಿದೆ. ಹಲಗೆ ಕುರ್ಚಿಗಿಂತ ಸ್ವಲ್ಪವೇ ಅಗಲ. ಒಂದು ಸಲ ಚಕ್ರ ಜಾರಿ ಅವಳು ಪಕ್ಕಕ್ಕೆ ವಾಲಿದಳು, ಮೊಣಕೈ ಜಲ್ಲಿಗೆ ತಾಗಿ ರಕ್ತ ಬಂತು. ಕುರ್ಚಿ ನೆಟ್ಟಗೆ ಮಾಡಿಕೊಟ್ಟೆವು. ಅವಳು ತೋಳು ಅಂಗಿಗೆ ಒರೆಸಿ, "ಹಾಕು ಮುಂದಿಂದು," ಅಂದಳು. ಸ್ವಲ್ಪ ಹೊತ್ತಿಗೆ ಥ್ರಾಸಿವುಲೊಸನೂ ಬೈದುಕೊಳ್ಳುತ್ತಾ ಬಂದು ಹಲಗೆಗೆ ಕೈ ಹಾಕಿದ.

ಗುಡಿಯ ಮುಂದೆ ಬಂದು ನಿಂತೆವು. ಕಂಬಗಳಲ್ಲಿ ಕೆಲವು ಮಾತ್ರ ನಿಂತಿದ್ದವು, ಉಳಿದವು ತುಂಡುತುಂಡಾಗಿ ಹುಲ್ಲಿನಲ್ಲಿ ಬಿದ್ದಿದ್ದವು. ಮುಂಭಾಗದಲ್ಲಿ ಇಳಿಜಾರು. ಟಿವಿಯಲ್ಲಿ ಕಂಡಷ್ಟು ದೊಡ್ಡದಲ್ಲ. ಇಬ್ಬರು ಜೋಡಿಯಾಗಿ ಮಂಚ ಹೊತ್ತು ಹತ್ತುವಷ್ಟು ಅಗಲ, ಕೆಳಗಿನ ಕಲ್ಲುಗಳು ಹಳೆಯವು, ಹೊಳಪು ಬಂದಂತೆ ಸವೆದವು. ಮೇಲೆ ಮುರಿದಿದ್ದಲ್ಲಿ ಹೊಸ ಬಿಳಿ ಕಲ್ಲು ತುಂಬಿದ್ದರು. ಅಡ್ಡಲಾಗಿ ಎರಡು ಕಬ್ಬಿಣದ ಗೂಟಗಳ ನಡುವೆ ಹಗ್ಗ. ಹಗ್ಗದಲ್ಲಿ ಫಲಕ: ಸ್ಮಾರಕದ ಮೇಲೆ ಹತ್ತಬಾರದು.

"ಇಲ್ಲಿವರೆಗೆ ಬಂದಿದ್ದಾಯ್ತಲ್ಲ ಅಕ್ಕ," ಅಂದ ಥ್ರಾಸಿವುಲೊಸ್. ಅವನ ದನಿ ಬೇಡುವಂತಿತ್ತು. "ಇಲ್ಲಿಂದ ಎಲ್ಲಾ ಕಾಣುತ್ತೆ. ಮೇಲೆ ಯಾರನ್ನೂ ಬಿಡಲ್ಲ, ಕಾಲಿರೋರನ್ನೂ ಬಿಡಲ್ಲ. ನನ್ನ ಕೆಲಸ ಹೋಗುತ್ತೆ."

"ಕಾಲಿರೋರಿಗೆ ಇದು ಬೇಕಾಗಿಲ್ಲ. ನೀನು ಆ ಕಡೆ ತಿರುಗಿ ನಿಂತ್ಕೋ. ಹಗ್ಗ ನಾನೇ ಬಿಚ್ಚಿದೆ ಅಂತ ಹೇಳು. ನಿಜಾನೂ ಅದೇ."

ಅವಳೇ ಬಿಚ್ಚಿದಳು. ಗಂಟು ಗಟ್ಟಿಯಾಗಿತ್ತು, ಹಲ್ಲು ಹಚ್ಚಬೇಕಾಯಿತು. ಹಗ್ಗವನ್ನು ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟಳು. ಆಮೇಲೆ ಮುಂದಕ್ಕೆ ಬಾಗಿ, ಎದೆ ತೊಡೆಗೆ ತಾಗುವಷ್ಟು ಬಾಗಿ, ಎರಡೂ ಕೈಯಿಂದ ಚಕ್ರ ನೂಕಿದಳು.

ಹಳೆಯ ಕಲ್ಲಿನ ಮೇಲೆ ಚಕ್ರ ಸಲೀಸಾಗಿ ಉರುಳಿತು. ಅರ್ಧ ದಾರಿಯಲ್ಲಿ, ಹಳೆಯ ಕಲ್ಲು ಹೊಸ ಕಲ್ಲಿಗೆ ಸೇರುವ ಕಡೆ ಒಂದು ಅಂಚಿತ್ತು. ಅಲ್ಲಿ ನಿಂತುಬಿಟ್ಟಿತು. ಅವಳು ನೂಕಿದಳು, ಚಕ್ರ ಅಂಚಿಗೆ ತಾಗಿ ಹಿಂದಕ್ಕೆ ಬಂತು. ಮತ್ತೆ ನೂಕಿದಳು. ಕೈ ಬೆವತು ಜಾರಿತು, ಕುರ್ಚಿ ಹಿಂದಕ್ಕೆ ಉರುಳತೊಡಗಿತು. ಪಂತೆಲಿಸ್ ಓಡಿದ.

"ಮುಟ್ಟಬೇಡ!"

ಅವನು ಕೈ ಚಾಚಿದವನು ಹಾಗೆಯೇ ನಿಂತ. ಅವಳು ಅಂಗೈಯನ್ನು ಚಕ್ರಕ್ಕೆ ಒತ್ತಿ ಹಿಡಿದು ಕುರ್ಚಿ ನಿಲ್ಲಿಸಿದ್ದಳು. ಅಂಗೈಯ ಚರ್ಮ ಕಿತ್ತುಬಂದಿತ್ತು. ಉಸಿರು ಎಳೆದುಕೊಳ್ಳುತ್ತಾ ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ಕುರ್ಚಿಯನ್ನು ಓರೆ ಮಾಡಿ, ಒಂದು ಚಕ್ರವನ್ನು ಮೊದಲು ಅಂಚಿನ ಮೇಲೆ ಹತ್ತಿಸಿದಳು, ಆಮೇಲೆ ಇನ್ನೊಂದನ್ನು. ಹತ್ತಿದಾಗ ಅವಳ ಬಾಯಿಂದ ಒಂದು ಬೈಗುಳ ಬಂತು. ಗಾಣದಲ್ಲಿ ಕೂಡ ನಾನು ಅದನ್ನು ಕೇಳಿರಲಿಲ್ಲ. ಬಾಕಿ ದಾರಿಯನ್ನು ನಿಲ್ಲದೆ ಹೋದಳು.

ಕೆಳಗೆ ಹುಲ್ಲಿನಲ್ಲಿ ನಿಂತಿದ್ದ ಬಿಳಿ ಟೋಪಿಗಳ ಗುಂಪಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅವಳು ತಿರುಗಿ, "ಸರ್ಕಸ್ ಅಲ್ಲ ಇದು!" ಎಂದು ಕೂಗಿದಳು. ಚಪ್ಪಾಳೆ ನಿಂತಿತು.

ನಾನು ಅವಳ ಹಿಂದೆ ಮೇಲೆ ಹೋದೆ. ಮೇಲೆ ಹೆಚ್ಚೇನೂ ಇರಲಿಲ್ಲ. ಕಲ್ಲಿನ ನೆಲ, ನಡುವೆ ಕಪ್ಪಗಿನ ಒಂದು ಗುಳಿ, ದೇವರು ಕೂತಿದ್ದ ಜಾಗವಿರಬೇಕು. ಗುಳಿಯಲ್ಲಿ ಒಂದು ಹಲ್ಲಿ ಬಿಸಿಲು ಕಾಯುತ್ತಿತ್ತು. ಅರ್ಗಿರೊ ಅದರ ಅಂಚಿಗೆ ಹೋಗಿ ಬ್ರೇಕು ಹಾಕಿದಳು.

"ಏನೂ ಬೇಡಪ್ಪ," ಅಂದಳು ಆ ಖಾಲಿ ಗುಳಿಗೆ. "ನೋಡಿಕೊಂಡು ಹೋಗೋಣ ಅಂತ ಬಂದೆ."

ಆಮೇಲೆ ಕಣಿವೆಯ ಕಡೆ ತಿರುಗಿದಳು. ಅಲ್ಲಿಂದ ಎಲ್ಲ ಕಾಣುತ್ತಿತ್ತು. ಹೊಳೆ, ಗಾಣದ ತಗಡಿನ ಮಾಡು, ನಮ್ಮ ಕೆಳಗಿನ ತೋಪು. ತೋಪಿನ ಅಂಚಿನಲ್ಲಿ ಒಂಟಿಯಾಗಿ ನಿಂತ ದೊಡ್ಡ ಮರ. ಅವಳು ಬಿದ್ದದ್ದು ಅದರಿಂದಲೇ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಆ ತೋಪಿಗೆ ಹೋಗಿರಲಿಲ್ಲ. ಅವಳು ಹಣೆಗೆ ಕೈ ಅಡ್ಡ ಹಿಡಿದು ಅದನ್ನೇ ನೋಡಿದಳು. ಮುಖ ಒದ್ದೆಯಾಗಿತ್ತು.

"ಅಳ್ತಿದ್ದೀಯಾ ಅತ್ತಿಗೆ?"

"ಬೆವರು ಕಣೆ." ತೋಳಿನಿಂದ ಮುಖ ಒರೆಸಿಕೊಂಡು, "ಕಾಯಿ ಚೆನ್ನಾಗಿ ಹಿಡಿದಿದೆ ಈ ವರ್ಷ. ಇಲ್ಲಿಂದಲೇ ಗೊತ್ತಾಗುತ್ತೆ. ನಿಮ್ಮಣ್ಣ ಕತ್ತರಿಸಿಬಿಡ್ತೀನಿ ಅಂತಿದ್ದ ಅದನ್ನ. ಹೇಳಿಬಿಡು, ಮುಟ್ಟಬಾರದು ಅಂತ."

ಬ್ರೆಡ್ಡು, ಚೀಸು ತರಿಸಿಕೊಂಡಳು. ತಿನ್ನುತ್ತಿರುವಾಗಲೇ ಕಚೇರಿಯ ಮೇಡಂ ಬಂದರು. ಫೋನು ಇಟ್ಟ ಮೇಲೆ ಅನುಮಾನ ಬಂದು ಹೊರಟಿದ್ದರಂತೆ. ನನ್ನ ವಯಸ್ಸಿನವರೇ, ಕೆದರಿದ ಕೂದಲು, ಕಾರು ಓಡಿಸಿಕೊಂಡು ಬಂದ ಧೂಳು. ಇಳಿಜಾರಿನ ಬುಡದಲ್ಲಿ ನಿಂತು ಕೂಗಿದರು:

"ಕೆಳಗೆ ಇಳಿಯಿರಿ!"

"ನೀವೇ ಬನ್ನಿ ಮೇಡಂ, ಚೆನ್ನಾಗಿ ಗಾಳಿ ಬರ್ತಿದೆ."

ಮೇಡಂ ಹತ್ತಲಿಲ್ಲ. ಬಲವಂತವಾಗಿ ಇಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಅರ್ಗಿರೊ ಊಟ ಮುಗಿಸಿ, ಚೂರುಗಳನ್ನು ಬಟ್ಟೆಗೆ ಕೊಡವಿ ಕಟ್ಟಿ, ತನಗೆ ಇಷ್ಟ ಬಂದಾಗ ಇಳಿದಳು. ಇಳಿಯುವಾಗ ಹಿಂದಿನಿಂದ ಕುರ್ಚಿ ಹಿಡಿಯಲು ಪಂತೆಲಿಸನಿಗೆ ಅನುಮತಿ ಕೊಟ್ಟಳು. ಅವನ ಮುಖ ನೋಡಬೇಕಿತ್ತು.

ಫೆಬ್ರವರಿಯಲ್ಲಿ ಕೇಸು ಬಂತು. ನಿಷೇಧಿತ ಸ್ಮಾರಕದ ಮೇಲೆ ಹತ್ತಿದ್ದು, ಪ್ರವಾಸಿಗರಿಗೆ ಅಡ್ಡಿಮಾಡಿದ್ದು. ಅಮ್ಮ ಮೂರು ದಿನ ಮೇಣದ ಬತ್ತಿ ಹಚ್ಚಿದಳು. ವಕೀಲ ಬೇಡ ಎಂದಳು ಅರ್ಗಿರೊ. ಅದೇ ಕಡು ನೀಲಿ ಅಂಗಿ ತೊಟ್ಟು, ಹೇಳಿದ ಹೊತ್ತಿಗೆ ಪಟ್ಟಣದ ಕೋರ್ಟಿನ ಮುಂದೆ ಹೋದೆವು.

ಕೋರ್ಟಿಗೆ ಮೆಟ್ಟಿಲು. ಒಳಗೆ ಲಿಫ್ಟು ಕೆಟ್ಟು ವರ್ಷವಾಗಿತ್ತು, ವಿಚಾರಣೆ ಮೇಲಿನ ಮಹಡಿಯಲ್ಲಿ.

ಅರ್ಗಿರೊ ಮೆಟ್ಟಿಲ ಬುಡದಲ್ಲಿ ನಿಂತು ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗುಮಾಸ್ತ ಮೇಲಿನಿಂದ ಅವಳ ಹೆಸರು ಕೂಗಿದ.

"ಇದ್ದೀನಿ!" ಎಂದು ಕೂಗಿದಳು ಕೆಳಗಿನಿಂದ.

ಅವನು ಇಳಿದು ಬಂದ. "ಮೇಲೆ ಬರದಿದ್ದರೆ ಗೈರುಹಾಜರಿ ಅಂತ ಬರೀತಾರೆ ಅಮ್ಮ."

"ಗೈರು ನಾನಲ್ಲಪ್ಪ. ಹೇಳಿದ ದಿನ, ಹೇಳಿದ ಹೊತ್ತಿಗೆ ಕೋರ್ಟಿಗೆ ಬಂದಿದ್ದೀನಿ. ನೀವೇ ಮೇಲಿದ್ದೀರಿ."

ಅವನು ಹತ್ತಿದ, ಇಳಿದ, ಮತ್ತೆ ಹತ್ತಿದ. ನಾವು ಚಳಿಯಲ್ಲಿ ಕಾದೆವು. ಪಂತೆಲಿಸ್ ತನ್ನ ಕೋಟು ಬಿಚ್ಚಿ ಅವಳ ಕಾಲ ಮೇಲೆ ಹಾಕಿದ. ಈ ಸಲ ಅವನು ಎಲ್ಲಿಗೂ ಹೋಗುವ ಮುಖ ಮಾಡಲಿಲ್ಲ. ಮಧ್ಯಾಹ್ನ, ಉಳಿದ ಕೇಸುಗಳೆಲ್ಲ ಮುಗಿದ ಮೇಲೆ, ನೆಗಡಿಯಾಗಿದ್ದ ವಯಸ್ಸಾದ ನ್ಯಾಯಾಧೀಶರು ಮಫ್ಲರ್ ಸುತ್ತಿಕೊಂಡು ಕೆಳಗೆ ಬಂದರು. ಅವರ ಹಿಂದೆ ಗುಮಾಸ್ತ, ಮೇಡಂ, ಸಾಕ್ಷಿಯಾಗಿ ಥ್ರಾಸಿವುಲೊಸ್. ಕೆಳಗಿನ ಪಡಸಾಲೆಗೆ ಹೋಗಲೂ ಮೆಟ್ಟಿಲಿತ್ತು. ನ್ಯಾಯಾಧೀಶರು ಸುತ್ತ ನೋಡಿ, ನಿಟ್ಟುಸಿರು ಬಿಟ್ಟು, ಹೊರಗಿನ ಅಂಗಳದಲ್ಲೇ ಕುರ್ಚಿ ತರಿಸಿ ಕೂತರು. ಎದುರಿನ ಕಾಫಿ ಅಂಗಡಿಯ ಗಿರಾಕಿಗಳೆಲ್ಲ ಬಾಗಿಲಿಗೆ ಬಂದರು.

"ಕಲ್ಲಿಗೆ ಏನಾದರೂ ಹಾನಿಯಾಗಿದೆಯೇ?" ನ್ಯಾಯಾಧೀಶರು ಮೇಡಂ ಅವರನ್ನು ಕೇಳಿದರು.

"ಆಗಿಲ್ಲ. ಆದರೆ ಎಲ್ಲರೂ ಹೀಗೆ ಹತ್ತಿದರೆ ಏನು ಗತಿ ಅಂತ..."

"ಹಿಂದೆ ಎಲ್ಲರೂ ಹತ್ತಿದ್ರು ಮೇಡಂ," ಅಂದಳು ಅರ್ಗಿರೊ. "ಹತ್ತಲಿ ಅಂತಲೇ ಕಟ್ಟಿದ್ದು."

ಮೇಡಂ ಅವಳನ್ನು ನೋಡಿದರು. ಥ್ರಾಸಿವುಲೊಸ್ ತಾನೇ ಹಿಂದಿನ ಗೇಟು ತೆರೆದದ್ದನ್ನು, ಕಲ್ಲಿನ ಗಾಡಿಯ ಕತೆಯನ್ನು ಬಚ್ಚಿಡದೆ ಹೇಳಿದ.

ನ್ಯಾಯಾಧೀಶರು ಮೂಗು ಒರೆಸಿಕೊಂಡು ಅರ್ಗಿರೊ ಕಡೆ ಬಾಗಿದರು.

"ಮತ್ತೆ ಹತ್ತುತ್ತೀರಾ?"

"ಹತ್ತುತ್ತೀನಿ."

"ಇಲ್ಲ ಅಂದರೆ ನನ್ನ ಕೆಲಸ ಸುಲಭವಾಗುತ್ತೆ ಅಮ್ಮ."

"ನನ್ನ ಕೆಲಸ ಯಾರು ಸುಲಭ ಮಾಡಿದ್ದಾರೆ ಸ್ವಾಮಿ?"

ಕಾಫಿ ಅಂಗಡಿಯ ಬಾಗಿಲಲ್ಲಿ ಯಾರೋ ಸೀಟಿ ಹೊಡೆದರು. ನ್ಯಾಯಾಧೀಶರು ಅವರನ್ನು ಗದರಿಸಿದರು. ಆಮೇಲೆ, ಹಾನಿ ಇಲ್ಲ, ದುರುದ್ದೇಶ ಇಲ್ಲ, ಖುಲಾಸೆ ಎಂದು ಗುಮಾಸ್ತನಿಗೆ ಬರೆಸಿದರು; ಹಾಗೆಂದು ಹಗ್ಗ ಬಿಚ್ಚುವ ಹಕ್ಕು ಕೊಟ್ಟಂತಲ್ಲ ಎಂದು ಅವಳತ್ತ ಬೆರಳು ತೋರಿಸಿ ಹೇಳಿ, ಎದ್ದು, ಕೆಮ್ಮುತ್ತಾ ಮೆಟ್ಟಿಲು ಹತ್ತಿ ಹೋದರು.

ಥ್ರಾಸಿವುಲೊಸನ ಕೆಲಸ ಹೋಗಲಿಲ್ಲ. ಕಣಿವೆಯ ಬೇರೊಂದು ತುದಿಗೆ, ಯಾರೂ ಬಾರದ ಒಂದು ಕೋಟೆಗೆ ವರ್ಗ ಮಾಡಿದರು. ಅರ್ಗಿರೊ ಆ ಚಳಿಗಾಲ ಅವನ ಮನೆಯ ಮೂಟೆಗಳನ್ನು ಸಾಲು ಬಿಟ್ಟು ಮೊದಲು ತೂಗಿದಳು, ಗೊಣಗಿದವರಿಗೆ ಮನೆಗೆ ಹೋಗಿ ಅಂದಳು.

ವಸಂತದ ಹೊತ್ತಿಗೆ ಹಿಂದಿನ ಗೇಟಿನಿಂದ ಗುಡಿಯ ಬುಡದವರೆಗೆ ಜಲ್ಲಿ ತೆಗೆದು ಗಟ್ಟಿ ಮಣ್ಣಿನ ದಾರಿ ಮಾಡಿದ್ದರು. ಗೇಟಿನಲ್ಲಿ ಗಾಲಿಕುರ್ಚಿಯ ಚಿತ್ರವಿರುವ ಬಾಣದ ಗುರುತು, ಒತ್ತಿದರೆ ಕಾವಲುಗಾರ ಬರುವ ಗಂಟೆ. ಅದು ಮೇಡಂ ಮಾಡಿಸಿದ್ದೆಂದು ಆಮೇಲೆ ಗೊತ್ತಾಯಿತು. ಇಳಿಜಾರಿನ ವಿಷಯದಲ್ಲಿ ಮಾತ್ರ ಅವರು ಬಗ್ಗಲಿಲ್ಲ. ಒಂದು ಹಗ್ಗವಿದ್ದ ಕಡೆ ಈಗ ಎರಡು ಹಗ್ಗ, ಫಲಕವೂ ದೊಡ್ಡದು.

ಮೇ ತಿಂಗಳಲ್ಲಿ ಹೋದೆವು. ಅರ್ಗಿರೊ ಎರಡನ್ನೂ ಬಿಚ್ಚಿದಳು.